ಲೇಜನ್‌ಬಿಗೆ ನಟನೆ ಬರಲ್ಲ ಅನ್ನೋರಿಗೆ

ಜೇಮ್ಸ್ ಬಾಂಡ್ ಸಿನಿಮಾಗಳ ಬಗ್ಗೆ ಎಲ್ಲೇ ಮಾತು ಶುರುವಾಗಲಿ, ಹತ್ತು ನಿಮಿಷದೊಳಗೆ ಜಾರ್ಜ್ ಲೇಜನ್‌ಬಿ ಹೆಸರು ಬಂದೇ ಬರುತ್ತೆ. ಬಂದ ಕೂಡಲೇ ಯಾರಾದರೊಬ್ಬರು ನಕ್ಕೇ ನಗ್ತಾರೆ. ಒಂದೇ ಒಂದು ಸಿನಿಮಾದಲ್ಲಿ ಬಾಂಡ್ ಆಗಿ ಹೋದವನು ಅವನು. 1969ರ ಆ ಸಿನಿಮಾ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್'. ಅದನ್ನು ನೋಡಿದವರ ಅಭಿಪ್ರಾಯ ಅಂದಿನಿಂದ ಇಂದಿನವರೆಗೆ ಹೆಚ್ಚುಕಮ್ಮಿ ಒಂದೇ ರಾಗದಲ್ಲಿದೆ: ಸಿನಿಮಾ ಚೆನ್ನಾಗಿದೆ, ಡಯಾನಾ ರಿಗ್ ಸೂಪರ್, ಹೀರೋ ಮಾತ್ರ ಮರದ ಕೊರಡು, ಶಾನ್ ಕಾನರಿ ಇದ್ದಿದ್ರೆ ಇದೇ ಬೆಸ್ಟ್ ಬಾಂಡ್ ಸಿನಿಮಾ ಆಗ್ತಿತ್ತು.

ಮೊದಲ ಎರಡು ಮಾತಿಗೆ ನಮ್ಮ ತಕರಾರಿಲ್ಲ. ಮೂರನೆಯದನ್ನು ಅರ್ಧ ಒಪ್ತೀವಿ. ನಾಲ್ಕನೆಯದನ್ನು ಒಪ್ಪೋದೇ ಇಲ್ಲ.

ಸಿನಿಮಾ ನೋಡದವರಿಗೆ ಸ್ವಲ್ಪ ಹಿನ್ನೆಲೆ. ಐದು ಸಿನಿಮಾ ಮಾಡಿದ ಕಾನರಿ 1967ರ 'ಯು ಓನ್ಲಿ ಲಿವ್ ಟ್ವೈಸ್' ಆದಮೇಲೆ ಸಾಕು ಅಂತ ಹೊರಟುಹೋದ. ನಿರ್ಮಾಪಕರಿಗೆ ಹೊಸ ಮುಖ ಬೇಕಾಗಿತ್ತು. ಲೇಜನ್‌ಬಿ ಆಸ್ಟ್ರೇಲಿಯಾದವನು. ಕಾರು ಮಾರುತ್ತಿದ್ದ, ಲಂಡನ್ನಿಗೆ ಬಂದು ಮಾಡೆಲ್ ಆದ, ಚಾಕೊಲೇಟ್ ಜಾಹೀರಾತಿನಲ್ಲಿ ಕಾಣಿಸಿಕೊಂಡ. ಸಿನಿಮಾದಲ್ಲಿ ಗಂಭೀರವಾಗಿ ನಟಿಸಿದ ಅನುಭವ ಸೊನ್ನೆ. ಕಾನರಿಯ ಕ್ಷೌರಿಕನ ಹತ್ತಿರ ಹೋಗಿ ತಲೆಕೂದಲು ಕತ್ತರಿಸಿಕೊಂಡು, ಕಾನರಿ ಹೊಲಿಸಿ ಒಯ್ಯದೇ ಬಿಟ್ಟಿದ್ದ ಸೂಟನ್ನು ಸಂಪಾದಿಸಿ ಹಾಕಿಕೊಂಡು, ನಿರ್ಮಾಪಕರ ಆಫೀಸಿಗೆ ನುಗ್ಗಿ, ಅಲ್ಲಿ ನಟಿಸಿದ್ದೀನಿ ಇಲ್ಲಿ ನಟಿಸಿದ್ದೀನಿ ಅಂತ ಸುಳ್ಳು ಹೇಳಿದ ಅನ್ನೋದು ಅವನೇ ಎಷ್ಟೋ ಸಲ ಹೇಳಿಕೊಂಡಿರೋ ಕಥೆ. ಸ್ಕ್ರೀನ್ ಟೆಸ್ಟಿನ ಫೈಟಿನಲ್ಲಿ ಎದುರಿಗಿದ್ದ ಸ್ಟಂಟ್‌ಮ್ಯಾನ್ ಮೂಗಿಗೆ ನಿಜವಾಗಲೂ ಗುದ್ದಿ ರಕ್ತ ಬರಿಸಿದ. ಕೆಲಸ ಸಿಕ್ತು. ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ. ಮೂಗಿಗೆ ಗುದ್ದಿದ್ರೆ ಪ್ಲೇಸ್‌ಮೆಂಟ್ ಸಿಗೋ ಫೀಲ್ಡು ಅದೊಂದೇ ಇರಬೇಕು.

ಈಗ ಆ ಒಪ್ಪುವ ಅರ್ಧ. ಕ್ಯಾಸಿನೋ ಸೀನುಗಳಲ್ಲಿ ಅವನ ಮಾತು ಸಪ್ಪೆ. ಬಾಂಡ್ ಜೋಕುಗಳನ್ನು ಹೇಳುವಾಗ, ಇದು ಜೋಕು ಅಂತ ತನಗೆ ಯಾರೋ ಈಗತಾನೇ ತಿಳಿಸಿದ ಹಾಗೆ ಹೇಳ್ತಾನೆ. ಎದುರಿಗೆ ಡಯಾನಾ ರಿಗ್ ಇದ್ದಾಗಲಂತೂ ಅಂತರ ಕಣ್ಣಿಗೆ ಹೊಡೆಯುತ್ತೆ. ಆಕೆ ರಾಯಲ್ ಶೇಕ್ಸ್‌ಪಿಯರ್ ಕಂಪನಿಯಲ್ಲಿ ಪಳಗಿದವಳು, 'ದಿ ಅವೆಂಜರ್ಸ್' ಟಿವಿ ಸರಣಿಯಿಂದ ಮನೆಮಾತಾಗಿದ್ದವಳು (ಮಾರ್ವೆಲ್‌ನವರ ಅವೆಂಜರ್ಸ್ ಅಲ್ಲ ಗುರು, ಬ್ರಿಟಿಷರದ್ದು). ಖಳನಾಯಕನ ಸೆರೆಯಲ್ಲಿದ್ದಾಗ ಅವನಿಗೆ ಕವಿತೆ ಹೇಳುತ್ತಾ, ಮೋಡಿ ಮಾಡುತ್ತಾ ಸಮಯ ಕಳೆಯುವ ಸೀನಿದೆಯಲ್ಲ, ಅದರಲ್ಲಿ ಅವಳ ಕಣ್ಣು ಒಂದು ಹೇಳ್ತಿದ್ರೆ ದನಿ ಇನ್ನೊಂದು ಹೇಳ್ತಿರುತ್ತೆ. ಅಂಥದ್ದು ಲೇಜನ್‌ಬಿಗೆ ಬರೋದಿಲ್ಲ.

ಆದರೆ ನೋಡುಗರು 'ನಟನೆ' ಅಂತ ಕರೆಯೋದು ನಿಖರವಾಗಿ ಯಾವುದನ್ನ? ಇಲ್ಲಿಂದ ನಮ್ಮ ಜಗಳ ಶುರು.

ಈ ಸಿನಿಮಾದಲ್ಲಿ ಬಾಂಡ್ ಒಬ್ಬ ವಂಶಾವಳಿ ತಜ್ಞನ ವೇಷ ಹಾಕಿಕೊಂಡು, ಸರ್ ಹಿಲರಿ ಬ್ರೇ ಅಂತ ಹೇಳಿಕೊಂಡು, ಸ್ವಿಟ್ಜರ್ಲೆಂಡಿನ ಬೆಟ್ಟದ ತುದಿಯಲ್ಲಿರೋ ಶತ್ರುವಿನ ತಾಣಕ್ಕೆ ಹೋಗ್ತಾನೆ. ಅಲ್ಲಿ ವೇಷದಲ್ಲಿರುವಷ್ಟು ಹೊತ್ತು ಕೇಳಿಸುವ ದನಿ ಲೇಜನ್‌ಬಿಯದ್ದೇ ಅಲ್ಲ! ನಿಜವಾದ ಹಿಲರಿ ಬ್ರೇ ಪಾತ್ರ ಮಾಡಿದ ಜಾರ್ಜ್ ಬೇಕರ್ ಎಂಬ ನಟನ ದನಿ. ಸಿನಿಮಾದ ದೊಡ್ಡ ಭಾಗವೇ ಹೀಗಿದೆ. 'ಅಲ್ಲಿ ಡೈಲಾಗ್ ಡೆಲಿವರಿ ಕೃತಕ' ಅನ್ನೋರೂ ಇದ್ದಾರೆ, 'ಅಲ್ಲಿ ಮಾತ್ರ ಸ್ವಲ್ಪ ಪರವಾಗಿಲ್ಲ' ಅನ್ನೋರೂ ಇದ್ದಾರೆ. ಇಬ್ಬರೂ ಮಾರ್ಕ್ಸ್ ಹಾಕ್ತಿರೋದು ಬೇರೆಯವರ ಪೇಪರಿಗೆ. ನಾಯಕಿಯ ತಂದೆ ಡ್ರಾಕೋ ಪಾತ್ರದ ಇಟಾಲಿಯನ್ ನಟ ಗೇಬ್ರಿಯೆಲ್ ಫೆರ್ಜೆಟ್ಟಿಗೂ ದನಿ ಇನ್ನೊಬ್ಬರದ್ದು, ಡೇವಿಡ್ ಡಿ ಕೈಸರ್ ಅನ್ನೋರದ್ದು. ಆದರೆ ಡ್ರಾಕೋನ ನಟನೆಯನ್ನು ಎಲ್ಲರೂ ಹೊಗಳ್ತಾರೆ! 'ಗೋಲ್ಡ್‌ಫಿಂಗರ್' (1964) ಸಿನಿಮಾದ ಖಳ ಗರ್ಟ್ ಫ್ರೋಬೆಯನ್ನು ಸಾರ್ವಕಾಲಿಕ ಶ್ರೇಷ್ಠ ಬಾಂಡ್ ವಿಲನ್ ಅಂತಾರೆ. ಆ ಜರ್ಮನ್ ನಟನಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ನಾವು ಕೇಳೋ ದನಿ ಮೈಕೆಲ್ ಕಾಲಿನ್ಸ್ ಎಂಬ ನಟನದ್ದು. ಅಂದರೆ ಹೊಗಳಿಕೆಯೂ ಬೈಗುಳವೂ ಅರ್ಧ ಸಲ ತಪ್ಪು ವಿಳಾಸಕ್ಕೆ ಹೋಗ್ತಿವೆ. ನಮಗೆ ಇದು ಹೊಸದೇನಲ್ಲ ಬಿಡಿ. ಕನ್ನಡ ಬಾರದ ಎಷ್ಟು ನಾಯಕಿಯರನ್ನು ನಾವು ಬೇರೆಯವರ ಕಂಠದಲ್ಲಿ ಮೆಚ್ಚಿಕೊಂಡಿಲ್ಲ!

ಇನ್ನು ಕಾನರಿಯ ಜೊತೆ ಹೋಲಿಕೆ. ಲ್ಯಾಬಿನಲ್ಲಿ ಒಂದೇ ಸಲಕ್ಕೆ ಐದು ವೇರಿಯಬಲ್ ಬದಲಾಯಿಸಿ ರೀಡಿಂಗ್ ತಗೊಂಡು ಕನ್‌ಕ್ಲೂಷನ್ ಬರೆದರೆ ಮೇಷ್ಟ್ರು ರೆಕಾರ್ಡ್ ಮುಖಕ್ಕೆ ಎಸೀತಾರೆ. ಇಲ್ಲಿ ಬದಲಾದದ್ದು ಹೀರೋ ಒಬ್ಬನೇ ಅಲ್ಲ. ನಿರ್ದೇಶಕ ಪೀಟರ್ ಹಂಟ್ ಅಲ್ಲಿಯವರೆಗೆ ಬಾಂಡ್ ಸಿನಿಮಾಗಳ ಸಂಕಲನಕಾರನಾಗಿದ್ದವನು, ನಿರ್ದೇಶನ ಅವನಿಗೂ ಮೊದಲನೇದು. ಗ್ಯಾಜೆಟ್‌ಗಳು ಬಹುತೇಕ ಮಾಯ. ಕಥೆ ಇಯಾನ್ ಫ್ಲೆಮಿಂಗ್‌ನ 1963ರ ಕಾದಂಬರಿಗೆ ಸಾಕಷ್ಟು ನಿಷ್ಠ. ಅದೂ ಎಂಥ ಕಥೆ? ಬಾಂಡ್ ಪ್ರೀತಿಸ್ತಾನೆ, ಮದುವೆಯಾಗ್ತಾನೆ. ಎರಡು ಗಂಟೆ ಇಪ್ಪತ್ತು ನಿಮಿಷದ ಆ ಸಿನಿಮಾ ದುಃಖದಲ್ಲಿ ಮುಗಿಯುತ್ತೆ. 1969ರಲ್ಲಿ ಟಿಕೆಟ್ ತಗೊಂಡು ಕೂತವರು ಅದಕ್ಕೆಲ್ಲ ತಯಾರಾಗಿ ಬಂದಿರಲಿಲ್ಲ. ಇಷ್ಟೆಲ್ಲ ಬದಲಾದ ಸಿಟ್ಟು ಬಿದ್ದದ್ದು ಮಾತ್ರ ಒಬ್ಬನ ಮುಖದ ಮೇಲೆ.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ನಮ್ಮಲ್ಲೂ ಬಾಂಡ್ ಗಾಳಿ ಬೀಸಿತ್ತು. 1968ರ 'ಜೇಡರ ಬಲೆ'ಯಲ್ಲಿ ಅಣ್ಣಾವ್ರು ಸಿಐಡಿ 999 ಆದರು. ದೊರೈ-ಭಗವಾನ್ ಜೋಡಿಯ ಸಿನಿಮಾ. 'ಬೇಡರ ಕಣ್ಣಪ್ಪ'ನಾಗಿ ಬಂದು, ಪುರಾಣದ ಪಾತ್ರಗಳನ್ನೆಲ್ಲ ಮಾಡಿದ್ದವರು ಕೋಟು ಹಾಕಿ ಪಿಸ್ತೂಲು ಹಿಡಿದು ಬಂದರೆ ಜನ ಅಯ್ಯೋ ಅನ್ನಲಿಲ್ಲ, ಶಿಳ್ಳೆ ಹೊಡೆದರು. ಅಣ್ಣಾವ್ರ ನಟನೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ ಜನರ ಮನಸ್ಸಿನ ಬ್ಯಾಂಕಿನಲ್ಲಿ ಅವರ ಹೆಸರಲ್ಲಿ ಹದಿನಾಲ್ಕು ವರ್ಷದ ಠೇವಣಿಯೂ ಇತ್ತು. ಲೇಜನ್‌ಬಿ ಬಂದಾಗ ಅವನ ಅಕೌಂಟೇ ಓಪನ್ ಆಗಿರಲಿಲ್ಲ. ಮೇಲಿಂದ ಇನ್ನೊಂದು ಕಷ್ಟ ನೋಡಿ: ಬಾಂಡ್ ರಾಜೀನಾಮೆ ಕೊಟ್ಟು ತನ್ನ ಮೇಜಿನ ಡ್ರಾಯರ್ ಖಾಲಿ ಮಾಡೋ ಸೀನಿನಲ್ಲಿ ಹಳೇ ಸಿನಿಮಾಗಳ ಚಾಕು, ವಾಚು ಎಲ್ಲ ಒಂದೊಂದಾಗಿ ಹೊರಬರುತ್ತವೆ, ಹಿನ್ನೆಲೆಯಲ್ಲಿ ಆಯಾ ಸಿನಿಮಾದ ಸಂಗೀತ. ಅವೆಲ್ಲ ಕಾನರಿಯ ನೆನಪುಗಳು. ಬೇರೊಬ್ಬನ ನೆನಪನ್ನು ತನ್ನದು ಅಂತ ಮುಖದಲ್ಲಿ ತೋರಿಸು ಅಂದರೆ ಮೊದಲ ಸಿನಿಮಾ ಮಾಡೋ ಹುಡುಗ ಏನು ತೋರಿಸಬೇಕು?

ನಮಗೆ ಇದು ಬರೀ ಹಳೇ ಸಿನಿಮಾ ವಿಷಯ ಅಲ್ಲ. ಕಾಲೇಜುಗಳ ನಾಟಕ, ಶಾರ್ಟ್ ಫಿಲ್ಮ್ ಆಡಿಷನ್‌ಗಳಲ್ಲಿ ರಾಯಚೂರಿನಿಂದಲೋ ಕುಂದಾಪುರದಿಂದಲೋ ಬಂದ ಫಸ್ಟ್ ಇಯರ್ ಹುಡುಗ ನಿಂತಿರ್ತಾನೆ. ಎರಡು ನಿಮಿಷ ಕೊಡ್ತಾರೆ. ಅವನ ಮಾತಿನ ಧಾಟಿ ಬೆಂಗಳೂರಿನ ಕಿವಿಗೆ ಒಗ್ಗಲ್ಲ. ಹಾಳೆಯಲ್ಲಿ ಅವನ ಹೆಸರಿನ ಮುಂದೆ 'ನಟನೆ ಸಾಲದು' ಅಂತ ಬೀಳುತ್ತೆ. ಸಾಲದಿದ್ದದ್ದು ನಟನೆಯೋ, ಕೇಳುವವರ ಅಭ್ಯಾಸವೋ? ಲೇಜನ್‌ಬಿಯ ಆಸ್ಟ್ರೇಲಿಯನ್ ಧಾಟಿಯೂ ಅಂದಿನ ಬ್ರಿಟಿಷ್ ಕಿವಿಗೆ ಹೀಗೇ ಕೇಳಿಸಿರಬೇಕು. ಕಾನರಿಯೂ ಸ್ಕಾಟಿಷ್ ಧಾಟಿಯವನೇ, ಆದರೆ ಐದು ಸಿನಿಮಾ ಕೇಳಿ ಕೇಳಿ ಅದೇ ಬಾಂಡ್ ಧಾಟಿ ಆಗಿಹೋಗಿತ್ತು.

ಲೇಜನ್‌ಬಿ ಏನು ಮಾಡಬಲ್ಲ ಅಂತ ನೋಡಬೇಕಾದರೆ ಮಾತಿಲ್ಲದ ಜಾಗಗಳನ್ನು ನೋಡಿ. ಶತ್ರುವಿನ ತಾಣದಿಂದ ತಪ್ಪಿಸಿಕೊಂಡು ರಾತ್ರಿ ಹಿಮದಲ್ಲಿ ಓಡಿ, ಕ್ರಿಸ್‌ಮಸ್ ಜಾತ್ರೆಯ ಥರ ಗಿಜಿಗುಡೋ ಹಳ್ಳಿಗೆ ಬರ್ತಾನೆ. ಸುತ್ತ ಜನ ನಗ್ತಿದ್ದಾರೆ, ಹಾಡ್ತಿದ್ದಾರೆ. ಹಿಮಕರಡಿ ವೇಷ ಹಾಕಿದ ಯಾರೋ ಫ್ಲ್ಯಾಶ್ ಹೊಡೆದು ಫೋಟೋ ತೆಗೆದರೆ ಬಾಂಡ್ ಬೆಚ್ಚಿಬೀಳ್ತಾನೆ. ಸ್ಕೇಟಿಂಗ್ ಅಂಗಳದ ಪಕ್ಕ ಕೋಟಿನ ಕಾಲರ್ ಎತ್ತಿಕೊಂಡು ಮುದುಡಿ ಕೂರ್ತಾನೆ. ದಣಿದಿದ್ದಾನೆ, ಹೆದರಿದ್ದಾನೆ, ಇನ್ನೇನು ಸಿಕ್ಕಿಬಿದ್ದೆ ಅಂತ ಗೊತ್ತಿದೆ. ಆಗ ಎರಡು ಸ್ಕೇಟಿಂಗ್ ಬೂಟುಗಳು ಅವನೆದುರು ಬಂದು ನಿಲ್ಲುತ್ತವೆ. ತಲೆ ಎತ್ತಿ ನೋಡಿದರೆ ಟ್ರೇಸಿ, ಅಂದರೆ ರಿಗ್. ಆ ನೋಟದಲ್ಲಿ ಹೀರೋಗಿರಿ ಒಂದು ಚೂರೂ ಇಲ್ಲ. ಕಾನರಿಯ ಬಾಂಡ್ ಹೆದರಿದ್ದನ್ನು ನಾವು ನಂಬ್ತಿದ್ವಾ? ಅವನು ಹುಬ್ಬು ಏರಿಸಿದರೆ ಸಾಕು, ಇವನು ಗೆಲ್ತಾನೆ ಅಂತ ಗೊತ್ತಾಗಿಬಿಡುತ್ತೆ. ಕಾನರಿಯ ಶಕ್ತಿಯೇ ಅದು. ಈ ಕಥೆಗೆ ಬೇಕಾಗಿದ್ದದ್ದು ಆ ಶಕ್ತಿಯಲ್ಲ.

ಕೊನೆಯ ಸೀನು ಗೊತ್ತಿಲ್ಲದವರು ಈ ಪ್ಯಾರಾ ಬಿಟ್ಟು ಓದಿ. ಪೋರ್ಚುಗಲ್‌ನಲ್ಲಿ ಮದುವೆಯಾಗಿ ಹೊರಟ ದಂಪತಿ, ಕಾರಿಗೆ ಸುತ್ತಿದ ಹೂವನ್ನು ತೆಗೆಯೋಕೆ ರಸ್ತೆ ಬದಿ ನಿಲ್ಲಿಸ್ತಾರೆ. ಇನ್ನೊಂದು ಕಾರು ಬರುತ್ತೆ, ಗುಂಡು ಹಾರುತ್ತೆ, ಟ್ರೇಸಿ ಸಾಯ್ತಾಳೆ. ಬೈಕಿನಲ್ಲಿ ಬಂದ ಪೊಲೀಸನಿಗೆ ಬಾಂಡ್ ಹೇಳ್ತಾನೆ, ಏನೂ ಆಗಿಲ್ಲ, ಅವಳು ವಿಶ್ರಾಂತಿ ತಗೊಳ್ತಿದ್ದಾಳೆ ಅಂತ. ಮೊದಲ ಟೇಕಿನಲ್ಲಿ ತನಗೆ ಕಣ್ಣೀರು ಬಂದುಬಿಟ್ಟಿತ್ತು, ಬಾಂಡ್ ಅಳಲ್ಲ ಅಂತ ನಿರ್ದೇಶಕ ಮತ್ತೆ ಮಾಡಿಸಿದ ಅಂತ ಲೇಜನ್‌ಬಿ ಸಂದರ್ಶನಗಳಲ್ಲಿ ಹೇಳಿದ್ದಾನೆ. ಸಿನಿಮಾದಲ್ಲಿರೋದು ಅಳದ ಟೇಕು. ದನಿ ಸಣ್ಣದಾಗಿದೆ, ವಾಕ್ಯ ಸರಳ, ಮುಖ ಅವಳ ಕೂದಲಲ್ಲಿ ಹುದುಗಿದೆ. ನುರಿತ ನಟ ಇಲ್ಲಿ ಏನೋ ಒಂದನ್ನು 'ಮಾಡಿ ತೋರಿಸುತ್ತಿದ್ದ'. ಇವನು ಮಾಡಲ್ಲ. ಏನಾಯ್ತು ಅಂತ ಇನ್ನೂ ಅರ್ಥವಾಗದ ಮನುಷ್ಯನ ಹಾಗೆ ಸುಮ್ಮನೆ ಹೇಳ್ತಾನೆ.

ಮುಂದೆ ಏನಾಯ್ತು ಅನ್ನೋದಕ್ಕೆ ಅರ್ಧ ತಪ್ಪು ಅವನದ್ದೇ. ಎಪ್ಪತ್ತರ ದಶಕದಲ್ಲಿ ಬಾಂಡ್ ಎಲ್ಲ ನಡೆಯಲ್ಲ ಅಂತ ತನ್ನ ಏಜೆಂಟ್ ಹೇಳಿದ್ದನ್ನು ನಂಬಿ, ಸಿನಿಮಾ ಬಿಡುಗಡೆಗೆ ಮೊದಲೇ ಇನ್ನು ಬಾಂಡ್ ಆಗಲ್ಲ ಅಂತ ಹೇಳಿಬಿಟ್ಟ. ಪ್ರೀಮಿಯರ್‌ಗೆ ಗಡ್ಡ, ಉದ್ದ ಕೂದಲು ಬಿಟ್ಟುಕೊಂಡು ಬಂದ. ಅದೇ ಸಿನಿಮಾಗೆ ಗೋಲ್ಡನ್ ಗ್ಲೋಬ್‌ನ ಹೊಸ ನಟರ ವಿಭಾಗದಲ್ಲಿ ನಾಮಿನೇಷನ್ ಸಿಕ್ಕಿತ್ತು ಅನ್ನೋದನ್ನು ಅವನನ್ನು ನೋಡಿ ನಗೋರು ಯಾರೂ ಹೇಳಲ್ಲ. ಕ್ರಿಸ್ಟೋಫರ್ ನೋಲನ್ ತನ್ನ ಮೆಚ್ಚಿನ ಬಾಂಡ್ ಸಿನಿಮಾ ಇದೇ ಅಂದಿದ್ದಾನೆ. 'ಇನ್ಸೆಪ್ಷನ್'ನ ಹಿಮದ ಕೋಟೆಯ ಭಾಗ ನೋಡಿದರೆ ಸಾಲ ಎಲ್ಲಿಂದ ಅಂತ ಗೊತ್ತಾಗುತ್ತೆ. 2021ರ 'ನೋ ಟೈಮ್ ಟು ಡೈ' ಮುಗಿಯುವಾಗ ಬರೋ ಹಾಡೂ 1969ರ ಈ ಸಿನಿಮಾದ್ದೇ, ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ್ದು.

'ಕಾನರಿ ಇದ್ದಿದ್ರೆ' ಅನ್ನೋರಿಗೆ ಒಂದು ಹೋಮ್‌ವರ್ಕ್ ಕೊಡ್ತೀವಿ. ಕಾನರಿ 1971ರಲ್ಲಿ 'ಡೈಮಂಡ್ಸ್ ಆರ್ ಫಾರೆವರ್'ಗೆ ವಾಪಸ್ ಬಂದ. ಹಿಂದಿನ ಸಿನಿಮಾದಲ್ಲಿ ಹೆಂಡತಿ ಸತ್ತ ಬಾಂಡ್ ಅವನೇ ತಾನೇ? ಇಡೀ ಸಿನಿಮಾ ನೋಡಿ, ಟ್ರೇಸಿ ಹೆಸರು ಎಷ್ಟು ಸಲ ಬರುತ್ತೆ ಅಂತ ಎಣಿಸಿ. ಆಮೇಲೆ 1981ರ 'ಫಾರ್ ಯುವರ್ ಐಸ್ ಓನ್ಲಿ'ಯ ಮೊದಲ ಎರಡು ನಿಮಿಷ ಹಾಕಿ. ರೋಜರ್ ಮೂರ್ ಕೈಯಲ್ಲಿ ಹೂ ಹಿಡಿದು ಒಂದು ಸಮಾಧಿ ಹತ್ತಿರ ಬರ್ತಾನೆ. ಕಲ್ಲಿನ ಮೇಲೆ ತೆರೇಸಾ ಬಾಂಡ್ ಅಂತ ಹೆಸರು, 1943–1969.