ಆಟದ ಮೋಹ, ಒಲವಿನ ನ್ಯಾಯ

ಒಲಿದ ಇಬ್ಬರಲ್ಲಿ ಒಬ್ಬರಿಗೆ ಕ್ರಿಕೆಟ್ಟೆಂದರೆ ಪ್ರಾಣ, ಇನ್ನೊಬ್ಬರಿಗೆ ಆಕಳಿಕೆ. ಇಂಥ ಜೋಡಿ ಬಹುಕಾಲ ಬಾಳೀತೇ ಎಂದು ಶಂಕಿಸುವವರುಂಟು. ಅಭಿರುಚಿ ಒಂದಾದರೆ ಮಾತ್ರ ಮನಸ್ಸು ಒಂದಾದೀತೆಂಬುದು ಅವರ ವಾದ. ಈ ವಾದ ನನಗೆ ಒಪ್ಪಿಗೆಯಿಲ್ಲ.

1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಅನಿಲ್ ಕುಂಬ್ಳೆಯವರು 74 ರನ್ನು ಕೊಟ್ಟು ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು ಕಿತ್ತರು. ಆಟ ಬಲ್ಲವರಿಗೆ ಅದು ಮಹಾಕಾವ್ಯದ ಒಂದು ಪರ್ವ. ಅರಿಯದವರಿಗೆ ಬರಿಯ ಅಂಕಿ. ಐದು ದಿನ ಆಡಿದ ಟೆಸ್ಟು ಸೋಲು ಗೆಲುವಿಲ್ಲದೆ ಮುಗಿದಾಗಲೂ ಒಬ್ಬರು ಹಿಗ್ಗುವುದೇಕೆಂಬುದು ಇನ್ನೊಬ್ಬರಿಗೆ ಒಗಟು.

ನಮ್ಮ ಆಲಂಕಾರಿಕರು ‘ಸಹೃದಯ’ ಎಂಬ ಮಾತನ್ನು ಕೊಟ್ಟಿದ್ದಾರೆ. ಕವಿಯ ಹೃದಯಕ್ಕೆ ಸ್ಪಂದಿಸುವವನು ಆತ. ತಾನೂ ಕವಿಯಾಗಬೇಕೆಂಬ ನಿಯಮವೇನೂ ಇಲ್ಲ. ಹಾಗೆಯೇ ಒಲಿದವರು ಆಟದ ಕಟ್ಟಳೆಗಳನ್ನೆಲ್ಲ ಕಲಿಯಬೇಕಿಲ್ಲ. ಸೋತ ಸಂಜೆ ಎದುರಿನ ಮುಖ ಬಾಡಿದ್ದೇಕೆಂದು ಅರಿತು, “ಬರೀ ಆಟ ತಾನೆ” ಎಂದು ನಗದಿದ್ದರೆ ಸಾಕು.

ಆದರೆ ಈ ಔದಾರ್ಯ ಒಮ್ಮುಖವಾಗಬಾರದು. ಆಟದ ಮುಂದೆ ಒಬ್ಬರು ಕುಳಿತರೆ ಅಡುಗೆ, ಅತಿಥಿಗಳು, ಮಕ್ಕಳ ಪಾಠ ಇನ್ನೊಬ್ಬರ ಪಾಲಾಗುತ್ತವೆ. ಆ ಪಾಲು ಬಹುಮಟ್ಟಿಗೆ ಹೆಣ್ಣಿನದೇ. ಇದು ಅಭಿರುಚಿಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಆಟದ ಮೋಹ ಗಂಡಿನ ಸೊತ್ತೆಂಬ ಭಾವನೆಯೂ ಸಲ್ಲದು: 1976ರಲ್ಲಿ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟನ್ನಾಡಿದ್ದು ನಮ್ಮ ಬೆಂಗಳೂರಿನಲ್ಲೇ.

ತನ್ನ ಆಟಕ್ಕೆ ಐದು ದಿನ ಬೇಡುವವರು ಇನ್ನೊಬ್ಬರ ಓದಿಗೋ ಸಂಗೀತಕ್ಕೋ ಅಷ್ಟೇ ಬಿಡುವನ್ನು ಒದಗಿಸಿಕೊಡಲಿ. ಮದುವೆಗೆ ಮುನ್ನ ತರುಣರು ಜಾತಕಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.