ಮೇಷ್ಟ್ರ ಮನೆ ಮೇಲೆ ಕಲ್ಲು

ಮಕ್ಕಳೇ, ಪಾಠ ಹೇಳುವ ಮೇಷ್ಟ್ರಿಗೂ ಪಾಠ ಹೇಳುವವರಿರುತ್ತಾರೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಅದಕ್ಕೆಂದೇ ಜಿಲ್ಲೆಗಳಲ್ಲಿ ‘ಡಯಟ್’ ಎಂಬ ತರಬೇತಿ ಸಂಸ್ಥೆಗಳು ಹುಟ್ಟಿದವು. ನಾನು ಹೋದ ಒಂದು ತರಬೇತಿಯಲ್ಲಿ, ಆರೋಗ್ಯ, ಆಟ, ಸಮಾಜ ಮೂರನ್ನೂ ಊರಿನ ಬೀದಿಯಲ್ಲೇ ಕಲಿಸಿ ಎಂದರು.

ಕೆಂಕೆರೆಗೆ ಬಂದವನೇ ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ನಮ್ಮ ಬೀದಿಯ ನಕ್ಷೆ ಬರೆಸಿದೆ. ಅದು ಸಮಾಜ ಪಾಠ. ನಿಂತ ನೀರು ಕಂಡ ಮನೆಯ ಗುರುತಿನ ಮೇಲೆ ಓಡಿ ಬಂದು ಕಲ್ಲಿಡಬೇಕು. ಅದು ಆಟ. ನಮ್ಮದು ತೆಂಗಿನ ಸೀಮೆ, ಕೇಳಬೇಕೆ? ಚಿಪ್ಪು, ಎಳನೀರು ಬುರುಡೆ, ಹಳೇ ಟೈರು, ಒರಳುಕಲ್ಲು, ಎಲ್ಲದರಲ್ಲೂ ಮಳೆನೀರು!

ಹುಡುಗಿಯೊಬ್ಬಳು ಓಡಿ ಬಂದು ಕಲ್ಲಿಟ್ಟಳು. “ಸಾರ್, ಚಿಪ್ಪಲ್ಲಿ ಹುಳ ಕುಣೀತವೆ!” ನೋಡಿದರೆ ಕಲ್ಲು ಬಿದ್ದದ್ದು ನನ್ನ ಮನೆ ಮೇಲೆ!

ಹಿಂದಿನ ತಿಂಗಳಷ್ಟೇ ನಮ್ಮಮ್ಮ ಡೆಂಗಿ ಜ್ವರದಿಂದ ಹಾಸಿಗೆ ಹಿಡಿದಿದ್ದರು. ನಾನು ಊರ ಚರಂಡಿಯನ್ನು ಬೈದಿದ್ದೇ ಬೈದಿದ್ದು. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಮೊಟ್ಟೆ ಇಡುವುದು ಮನೆ ಸುತ್ತಲಿನ ತಿಳಿನೀರಿನಲ್ಲಿ. ಅದಕ್ಕೆ ಒಂದು ಚಿಪ್ಪು ನೀರೇ ಸಾಕು. ನನಗೆ ತಲೆ ಎತ್ತಲಾಗಲಿಲ್ಲ. ಅಮ್ಮನಿಗೆ ಹೇಳಿದರೆ, “ಹೋಗಲಿ ಬಿಡಪ್ಪ, ಮೊದಲು ಅದನ್ನು ಚೆಲ್ಲು” ಎಂದರು.

ಮೊಟ್ಟೆ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು. ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಬೇಕು. ತೊಟ್ಟಿಯ ಒಳಮೈಗೆ ಮೊಟ್ಟೆ ಅಂಟಿರುತ್ತದೆ, ಚೆನ್ನಾಗಿ ಉಜ್ಜಬೇಕು.

ಈ ಶನಿವಾರ ಶಾಲೆ ಬಿಟ್ಟ ಮೇಲೆ ಅಜ್ಜಿ ತಾತನ ಕೈ ಹಿಡಿದು ಹಿತ್ತಲು ಸುತ್ತಿ. ಕಂಡ ಚಿಪ್ಪನ್ನೆಲ್ಲ ಬೋರಲು ಹಾಕಿ. ನಿಮ್ಮ ಮೇಷ್ಟ್ರ ಹಿತ್ತಲನ್ನೂ ಮರೆಯಬೇಡಿ!