ಕ್ಷರವಾಗುವ ಅಕ್ಷರ

ಕ್ಷರಿಸದೆ ನಿಲ್ಲುವುದೇ ಅಕ್ಷರವೆಂದು ಶಾಬ್ದಿಕರು ವ್ಯುತ್ಪತ್ತಿ ಹೇಳುವರು. ಆದರೆ ಈಗ ನಮ್ಮ ಮನೆಗಳಿಗೆ ದಿನದಿನವೂ ಬರುವ ಒಂದು ಜಾತಿಯ ಅಕ್ಷರಕ್ಕೆ ಈ ಲಕ್ಷಣವು ಹೊಂದುವುದಿಲ್ಲ. ಅಂಗಡಿಯ ಬಿಲ್ಲು, ಬಸ್ಸಿನ ಟಿಕೆಟ್ಟು, ಏ.ಟಿ.ಎಂ. ಯಂತ್ರದ ರಸೀದಿ, ಆಸ್ಪತ್ರೆಯ ಇ.ಸಿ.ಜಿ. ಪಟ್ಟಿ,—ಇವುಗಳಲ್ಲಿ ಹಲವಕ್ಕೆ ಮಸಿಯ ಸೋಂಕೇ ಇರುವುದಿಲ್ಲವೆಂದರೆ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ಸಂಶಯವುಳ್ಳವರು ಅಂತಹ ಒಂದು ನುಣುಪಾದ ಚೀಟಿಯನ್ನು ಉಗುರಿನಿಂದ ರಭಸವಾಗಿ ಗೀರಿ ನೋಡಲಿ. ಕಪ್ಪು ಗೆರೆಯೊಂದು ಏಳುವುದು. ಉಜ್ಜಿದ ಕಾವೇ ಅಲ್ಲಿ ಲೇಖನಿಯಾಯಿತು. ಅದು ಉಷ್ಣದಿಂದ ಮುದ್ರಿತವಾಗುವ ಕಾಗದ. ವ್ಯವಹಾರದಲ್ಲಿ ಥರ್ಮಲ್ ಪೇಪರು.

ಬರೆಯುವುದಕ್ಕಾಗಿ ಹಾಳೆಗೆ ಲೇಪ ಕೊಡುವುದು ನಮ್ಮ ನಾಡಿಗೆ ಹೊಸತಲ್ಲ. ಹಿಂದೆ ನಮ್ಮ ವರ್ತಕರು ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿಟ್ಟು, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದಕ್ಕೆ ಕಡತವೆಂದು ಹೆಸರು. ಶೃಂಗೇರಿಯ ಮಠದ ಕಡತಗಳು ಇಂದಿಗೂ ಚರಿತ್ರಕಾರರಿಗೆ ಆಧಾರವಾಗಿವೆ. ಆದರೆ ಕಡತದಲ್ಲಿ ಲೇಪವು ಅಕ್ಷರವನ್ನು ಹೊರುವ ನೆಲ ಮಾತ್ರ. ಅಕ್ಷರವು ಬರುವುದು ಬಳಪದಿಂದ. ಈ ಹೊಸ ಚೀಟಿಯಲ್ಲಾದರೋ ಲೇಪವೇ ನೆಲ, ಲೇಪವೇ ಮಸಿ.

ಇದರ ಮರ್ಮವನ್ನು ತಿಳಿಯಲು ನಮ್ಮ ಗೃಹಿಣಿಯರು ದೂರ ಹೋಗಬೇಕಾಗಿಲ್ಲ. ಅರಿಶಿನವು ಹಳದಿ, ಸುಣ್ಣವು ಬಿಳುಪು. ಎರಡೂ ನೀರಿನಲ್ಲಿ ಕೂಡಿದರೆ ಓಕುಳಿಯ ಕೆಂಪು. ಆ ಓಕುಳಿಗೆ ನಿಂಬೆಯ ರಸ ಹಿಂಡಿದರೆ ಕೆಂಪು ಅಳಿದು ಮತ್ತೆ ಹಳದಿಯೇ ಉಳಿಯುವುದು. ಕೂಡಿದಾಗ ಹುಟ್ಟಿದ ಬಣ್ಣವು ಕೂಟವು ಕೆಟ್ಟಾಗ ಹೋಗುವುದು. ಥರ್ಮಲ್ ಕಾಗದದ ಲೇಪದಲ್ಲಿಯೂ ಹೀಗೆಯೇ ಎರಡು ಮುಖ್ಯ ಪದಾರ್ಥಗಳಿವೆ. ಒಂದು, ಲ್ಯೂಕೋ ವರ್ಣ. ಸಹಜಸ್ಥಿತಿಯಲ್ಲಿ ಇದಕ್ಕೆ ಬಣ್ಣವಿಲ್ಲ. ಇನ್ನೊಂದು, ಆಮ್ಲಗುಣದ ಪದಾರ್ಥ. ಇದರ ಸಂಗದಿಂದ ವರ್ಣದ ಅಣುವಿನಲ್ಲಿ ಮುಚ್ಚಿದ ಉಂಗುರದಂತಿದ್ದ ಭಾಗವು ಬಿಚ್ಚಿಕೊಂಡು ಕಪ್ಪು ತೋರುವುದು. ಅರಿಶಿನಕ್ಕೆ ಕ್ಷಾರ ಬೇಕು, ಇದಕ್ಕೆ ಆಮ್ಲ ಬೇಕು, ಭೇದವಿಷ್ಟೆ.

ಹಾಗಾದರೆ ಎರಡನ್ನೂ ಒಂದೇ ಕಾಗದಕ್ಕೆ ಬಳಿದ ಕೂಡಲೇ ಕಾಗದವೆಲ್ಲ ಏಕೆ ಕಪ್ಪಾಗದು ಎಂಬ ಶಂಕೆ ಹುಟ್ಟುವುದು ಸಹಜ. ಲೇಪ ಮಾಡುವವರ ಜಾಣ್ಮೆಯೆಲ್ಲ ಇಲ್ಲಿಯೇ ಇದೆ. ಎರಡನ್ನೂ ಬೇರೆಬೇರೆಯಾಗಿ ನೀರಿನಲ್ಲಿ, ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣಗಳಾಗುವವರೆಗೆ ಅರೆಯುವರು. ನೀರಿನಲ್ಲಿ ಕರಗದ ಆ ಕಣಗಳು ಮಗ್ಗುಲಲ್ಲೇ ಇದ್ದರೂ ಒಂದರೊಳಗೊಂದು ಬೆರೆಯವು. ಇವುಗಳ ಜೊತೆಗೆ ಬೇಗನೆ ಕರಗುವ ಮೇಣದಂತಹ ಒಂದು ವಸ್ತುವನ್ನೂ, ಹಿಡಿದಿಡಲು ಅಂಟನ್ನೂ ಸೇರಿಸುವರು. ಕಾಗದಕ್ಕೆ ಮೊದಲು ಸುಟ್ಟ ಜೇಡಿಯ ತೆಳುಲೇಪ ಕೊಡುವುದುಂಟು; ಕಾವು ಕಾಗದದೊಳಗೆ ಇಳಿದು ವ್ಯರ್ಥವಾಗದಂತೆ ಅದು ತಡೆಯುವುದು. ಅದರ ಮೇಲೆ ಬಣ್ಣದ ಲೇಪ. ಬೆಲೆಯುಳ್ಳ ಕಾಗದಕ್ಕೆ ಎಲ್ಲಕ್ಕೂ ಮೇಲೆ ರಕ್ಷೆಯ ಲೇಪ. ಬಣ್ಣದ ಲೇಪವನ್ನು ಒಣಗಿಸುವಾಗ ಅಕ್ಷರ ಮೂಡುವ ಮಟ್ಟಕ್ಕೆ ಕಾವು ಏರಕೂಡದು. ಏರಿದರೆ ಸುರುಳಿಯೆಲ್ಲ ಕಪ್ಪಾಗಿ ಕೆಡುವುದು.

ಮುದ್ರಣಯಂತ್ರದ ತಲೆಯಲ್ಲಿ ಸಾಮಾನ್ಯವಾಗಿ ಮಿಲಿಮೀಟರಿಗೆ 8 ರಂತೆ ಸೂಕ್ಷ್ಮವಾದ ಕಾವಿನ ಚುಕ್ಕೆಗಳಿರುವುವು. ಚುಕ್ಕೆಯು ಕಾದ ಕಡೆ ಲೇಪವು ಕರಗಿ, ಎರಡು ಪದಾರ್ಥಗಳೂ ಕಲೆತು, ಕಪ್ಪು ಮೂಡುವುದು. ಮಸಿಯಿಲ್ಲ, ರಿಬ್ಬನ್ನಿಲ್ಲ, ಬಡಿಯುವ ಅಚ್ಚಿಲ್ಲ. 1971 ರಲ್ಲಿ ಅಮೇರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಈ ಬಗೆಯಲ್ಲಿ ಮುದ್ರಿಸುವ ಯಂತ್ರವನ್ನು ಹೊರತಂದು ಅದಕ್ಕೆ ‘ಸೈಲೆಂಟ್ 700’ ಎಂದು, ಎಂದರೆ ನಿಶ್ಶಬ್ದವೆಂದು, ಹೆಸರಿಟ್ಟುದು ಅನ್ವರ್ಥವೇ ಆಗಿತ್ತು. ಕಾಗದಕ್ಕೆ ಮಾತ್ರವೇ ಅಲ್ಲದೆ ಹರಿಯದ ಪ್ಲಾಸ್ಟಿಕ್ ಹಾಳೆಗೂ ಈ ಲೇಪ ಕೊಡುವರು. ವಿಮಾನಯಾತ್ರೆಯಲ್ಲಿ ಪೆಟ್ಟಿಗೆಗೆ ಸುತ್ತುವ ಪಟ್ಟಿಗಳಲ್ಲಿ ಅಂತಹವುಗಳುಂಟು.

ಅಗ್ಗವೂ ಶೀಘ್ರವೂ ಆದ ಈ ವಿದ್ಯೆಯನ್ನು ನಾವು ನಿಂದಿಸುವುದಿಲ್ಲ. ಬಸ್ಸಿಳಿಯುವವರೆಗೆ ಬೇಕಾದ ಟಿಕೆಟ್ಟಿಗೆ ನೂರು ವರ್ಷದ ಆಯುಸ್ಸೇಕೆ? ದೋಷವಿರುವುದು ಅಲ್ಪಾಯುವಾದ ಬರಹಕ್ಕೆ ದೀರ್ಘಕಾಲದ ಹೊಣೆ ಹೊರಿಸುವುದರಲ್ಲಿ. ಎಣ್ಣೆಗೈ, ಬಿಸಿಲು, ಸೆಕೆ, ಮೃದುವಾದ ಪ್ಲಾಸ್ಟಿಕ್ಕಿನಿಂದ ಜಿನುಗುವ ತೈಲದಂತಹ ದ್ರವ,—ಇವು ಕೂಡಿದ್ದ ಪದಾರ್ಥಗಳನ್ನು ಮತ್ತೆ ಅಗಲಿಸುವುವು, ಇಲ್ಲವೆ ಬಣ್ಣವನ್ನೇ ಕೆಡಿಸುವುವು. ಓಕುಳಿಗೆ ನಿಂಬೆ ಹಿಂಡಿದಂತೆ ಅಕ್ಷರವು ಮಾಯವಾಗುವುದು.

ನಮ್ಮ ಬೀದಿಯ ಹಿರಿಯರೊಬ್ಬರಿಗೆ ಒಂದು ರಾತ್ರಿ ಎದೆ ಹಿಡಿದುಕೊಂಡಿತು. ಹೊಸ ಇ.ಸಿ.ಜಿ.ಯಲ್ಲಿ ಒಂದು ವ್ಯತ್ಯಾಸ ಕಂಡ ವೈದ್ಯರು, “ಇದು ಈಗ ಆದದ್ದೋ, ಹಳೆಯದೋ? ಹಿಂದಿನ ಪಟ್ಟಿ ಇದೆಯೇನಪ್ಪ?” ಎಂದು ಮಗನನ್ನು ಕೇಳಿದರು. ಮಗನು ಶ್ರದ್ಧೆಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಕಾಪಾಡಿದ್ದ ಪಟ್ಟಿಯನ್ನು ತಂದನು. ಮಸಿಯಿಂದ ಮೊದಲೇ ಅಚ್ಚಾಗಿದ್ದ ಕೆಂಪು ಚೌಕಗಳು ಹಾಗೆಯೇ ಇದ್ದುವು; ಹೃದಯದ ಗೆರೆ ಮಾತ್ರ ಇರಲಿಲ್ಲ. ರಾತ್ರಿಯೆಲ್ಲ ಮತ್ತೆ ಮತ್ತೆ ಪರೀಕ್ಷೆ ಮಾಡಿ, ಬೆಳಗಿನ ಜಾವಕ್ಕೆ ಭಯವಿಲ್ಲವೆಂದು ವೈದ್ಯರು ಹೇಳಿದರು. ದೈವಕೃಪೆ. ಆದರೆ ಆ ಒಂದು ಗೆರೆ ಉಳಿದಿದ್ದರೆ ಆ ಮನೆಯವರ ಆತಂಕವು ಎಷ್ಟೋ ಕಡಮೆಯಾಗುತ್ತಿತ್ತು.

ಆದುದರಿಂದ ಗೃಹಸ್ಥರು ಇಷ್ಟನ್ನು ಪಾಲಿಸತಕ್ಕದ್ದು. ಇ.ಸಿ.ಜಿ. ಪಟ್ಟಿ, ಗರ್ಭಸ್ಥಶಿಶುವಿನ ಸ್ಕ್ಯಾನಿನ ಚಿತ್ರ, ಗ್ಯಾರಂಟಿಯುಳ್ಳ ಸಾಮಾನಿನ ಬಿಲ್ಲು,—ಇವುಗಳನ್ನು ತಂದ ದಿನವೇ ಜೆರಾಕ್ಸ್ ಮಾಡಿಸಬೇಕು, ಇಲ್ಲವೆ ಮೊಬೈಲಿನಲ್ಲಿ ಚಿತ್ರ ತೆಗೆದಿಡಬೇಕು. ಮೂಲವನ್ನು ಸಾದಾ ಕಾಗದದ ಲಕೋಟೆಯಲ್ಲಿ, ತಂಪಾದ ಕತ್ತಲೆಯ ಜಾಗದಲ್ಲಿ ಇಡಬೇಕು. ಪ್ಲಾಸ್ಟಿಕ್ ಕವರು ಸಲ್ಲದು, ಅಕ್ಷರದ ಮೇಲೆ ಅಂಟುಪಟ್ಟಿ ಹಚ್ಚಕೂಡದು. ಲ್ಯಾಮಿನೇಷನ್ನಂತೂ ಎಂದಿಗೂ ಮಾಡಿಸಬಾರದು. ಆ ಯಂತ್ರದ ಕಾವಿಗೆ ಹಾಳೆಯೆಲ್ಲ ಕಪ್ಪಾಗಿ, ಉಳಿಸಹೋದವರು ತಾವೇ ಅಳಿಸಿದಂತಾಗುವುದು.

ಆರೋಗ್ಯದ ವಿಷಯದಲ್ಲಿಯೂ ಒಂದು ಮಾತುಂಟು. ಲೇಪದ ಆಮ್ಲಪದಾರ್ಥವಾಗಿ ಬಹುಕಾಲ ಬಿಸ್ಫಿನಾಲ್-ಎ ಎಂಬುದನ್ನು ಬಳಸುತ್ತಿದ್ದರು. ಇದು ಚರ್ಮದ ಮೂಲಕ ಒಳಸೇರಬಲ್ಲುದು. ದೇಹದಲ್ಲಿ ಸ್ತ್ರೀಹಾರ್ಮೋನಿನಂತೆ ವರ್ತಿಸಬಲ್ಲುದು. ಅಂಗಡಿಯ ಗಲ್ಲಾದಲ್ಲಿ ದಿನವಿಡೀ ಚೀಟಿ ಹರಿಯುವ ಗರ್ಭಿಣಿಯರ ಶಿಶುಗಳಿಗೆ ಅಪಾಯವುಂಟೆಂದು ಬಗೆದು, ಐರೋಪ್ಯ ಒಕ್ಕೂಟವು 2020 ರ ಜನವರಿ 2 ರಿಂದ ಥರ್ಮಲ್ ಕಾಗದದಲ್ಲಿ ಇದು ತೂಕದ ಶೇಕಡಾ 0.02 ರಷ್ಟು ಇರುವುದನ್ನೂ ನಿಷೇಧಿಸಿತು. ಬದಲಿಗೆ ಬಂದವುಗಳಲ್ಲಿ ಅದರದೇ ಬಂಧುವಾದ ಬಿಸ್ಫಿನಾಲ್-ಎಸ್ ಕೂಡ ಇದೆ. ಕೈಯಲ್ಲಿರುವ ಚೀಟಿಯು ಯಾವ ಲೇಪದ್ದೆಂದು ಕಣ್ಣಿಗೆ ತಿಳಿಯದು. ಆದುದರಿಂದ ತಿಂಡಿಯನ್ನು ಇದರಲ್ಲಿ ಕಟ್ಟಬಾರದು, ಕೂಸಿನ ಬಾಯಿಗೆ ಸಿಗಗೊಡಬಾರದು, ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ತೊಳೆಯಬೇಕು. ಭಯಕ್ಕೆ ಕಾರಣವಿಲ್ಲ, ಎಚ್ಚರಕ್ಕೆ ಕಾರಣವಿದೆ.

ಹಿರಿಯರು ಓಲೆ ಶಿಥಿಲವಾದರೆ ಅದು ಮುರಿಯುವ ಮುನ್ನವೇ ಪ್ರತಿ ಮಾಡಿಸುತ್ತಿದ್ದರು. ಗ್ರಂಥಗಳು ನಮ್ಮವರೆಗೆ ಬಂದದ್ದು ಓಲೆಯ ಬಲದಿಂದಲ್ಲ, ಪ್ರತಿ ಮಾಡಿದವರ ಶ್ರಮದಿಂದ. ಅವರಿಗೆ ಅದಕ್ಕೆ ತಲೆಮಾರುಗಳ ಅವಕಾಶವಿತ್ತು. ನಮ್ಮ ಚೀಟಿಗೆ ಕೆಲವು ತಿಂಗಳೋ ಕೆಲವು ವರ್ಷವೋ ಮಾತ್ರ. ಇದನ್ನೋದಿದ ಮನೆಯವರು ಪತ್ರಿಕೆಯನ್ನು ಕೆಳಗಿಟ್ಟು, ಬೀರುವಿನ ಪ್ಲಾಸ್ಟಿಕ್ ಕವರನ್ನು ಇಂದೇ ಒಮ್ಮೆ ಬಿಚ್ಚಿ ನೋಡುವರೆಂದು ಆಶಿಸುವೆವು.